ಹವಳದ ದ್ವೀಪ ಎಷ್ಟು ಜನರನ್ನು ತಾಳೀತು?

ದಸರಾ ಮುಗಿದು ಮಳೆ ಹಿಂದೆ ಸರಿಯಿತೆಂದರೆ ನಮ್ಮಲ್ಲಿ ಗುಂಪು ಪ್ರವಾಸದ ಮಾತು ಶುರುವಾಗುತ್ತದೆ. ಬ್ಯಾಂಕಿನ ಸಹೋದ್ಯೋಗಿಗಳು, ಶಿಕ್ಷಕರ ಸಂಘ, ಕಾಲೇಜಿನ ಹಳೆಯ ಬಳಗ, ಮಹಿಳಾ ಮಂಡಳಿ ಹೀಗೆ ಇಪ್ಪತ್ತು ಮೂವತ್ತು ಮಂದಿ ಕೂಡಿ ಈ ಸಲ ಎಲ್ಲಿಗೆ ಎಂದು ಚರ್ಚೆಗೆ ಕೂರುತ್ತಾರೆ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ಚಿತ್ರಗಳು ದೇಶದ ತುಂಬ ಹರಡಿದ ಮೇಲೆ ಇಂಥ ಪಟ್ಟಿಗಳಲ್ಲಿ ಆ ದ್ವೀಪಗಳ ಹೆಸರು ಮೇಲೆ ಬಂದಿದೆ. ಅದರ ಬೆನ್ನಿಗೇ ಎರಡು ಅಭಿಪ್ರಾಯಗಳೂ ಬಲವಾಗಿವೆ. ಮಾಲ್ದೀವ್ಸ್ ಮಾಡಿದ್ದನ್ನು ನಾವೂ ಮಾಡೋಣ, ಸಾಲಾಗಿ ಹೋಟೆಲು ಕಟ್ಟಿ ಎಲ್ಲರಿಗೂ ಬಾಗಿಲು ತೆರೆಯೋಣ ಎಂಬುದು ಒಂದು. ಗುಂಪು ಗುಂಪಾಗಿ ಜನ ನುಗ್ಗಿದರೆ ಜಾಗ ಕೆಡುತ್ತದೆ, ಹೆಚ್ಚು ದುಡ್ಡು ಕೊಡುವ ಕೆಲವೇ ಮಂದಿ ಬರಲಿ ಎಂಬುದು ಇನ್ನೊಂದು. ಈ ಎರಡೂ ಮಾತು ದ್ವೀಪವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದೇ ಇಂದಿನ ಭಾಷಣದ ವಾದ. ಹವಳದ ದ್ವೀಪಕ್ಕೆ ಹೆಚ್ಚು ಭಾರವಾಗುವುದು ಅಲ್ಲಿ ಕಾಲಿಡುವ ತಲೆಗಳಿಗಿಂತ ಅಲ್ಲಿ ಕಳೆಯುವ ರಾತ್ರಿಗಳು. ಹಾಗಾಗಿ ಮೊದಲೇ ಗೊತ್ತಾದ ಸಂಖ್ಯೆಯಲ್ಲಿ ಹಡಗಿನಲ್ಲಿ ಬಂದು, ಹಗಲು ದ್ವೀಪ ನೋಡಿ, ರಾತ್ರಿ ಹಡಗಿಗೆ ಮರಳುವ ಗುಂಪು, ಕಡಲ ದಂಡೆಯ ವಿಲ್ಲಾದಲ್ಲಿ ವಾರಗಟ್ಟಲೆ ತಂಗುವ ಒಬ್ಬಿಬ್ಬರಿಗಿಂತ ದ್ವೀಪಕ್ಕೆ ಹಗುರ.

ಮೊದಲು ನೆಲದ ಅಳತೆ ನೋಡೋಣ. ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್ ದೂರದಲ್ಲಿ ಚದುರಿಕೊಂಡಿರುವ 36 ದ್ವೀಪಗಳ ಒಟ್ಟು ನೆಲ 32 ಚದರ ಕಿಲೋಮೀಟರ್. ಅದರಲ್ಲಿ ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 64,473. ಅಂದರೆ ಒಂದು ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು ಜನ. ಅದೇ ವರ್ಷ ಕರ್ನಾಟಕದ ಜನಸಾಂದ್ರತೆ 319 ಇತ್ತು. ಚಿತ್ರಗಳಲ್ಲಿ ನಿರ್ಜನವಾಗಿ, ಬಿಳಿ ಮರಳಾಗಿ ಕಾಣುವ ಈ ದ್ವೀಪಗಳು ನಿಜದಲ್ಲಿ ಇಕ್ಕಟ್ಟಾದ ಊರುಗಳು. ನಮಗೆ ಇವು ಹೊಸ ಪರಿಚಯವೂ ಅಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಸೇರಿದ ಅಮಿನ್‌ದಿವಿ ದ್ವೀಪಗಳು ಟಿಪ್ಪು ಸುಲ್ತಾನನ ಕಾಲದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಿಂದ ಮೈಸೂರಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಾಲಾಗಿ ಕೆನರಾ ಜಿಲ್ಲೆಗೆ ಸೇರಿದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರೂಪುಗೊಳ್ಳುವವರೆಗೂ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಕಡಲು ಮುಚ್ಚಿತೆಂದರೆ ಇದ್ದ ಅಕ್ಕಿಯಲ್ಲೇ ತಿಂಗಳುಗಳನ್ನು ತಳ್ಳಬೇಕು. ಇರುವುದು ಎಷ್ಟು, ತಿನ್ನುವ ಬಾಯಿ ಎಷ್ಟು ಎಂಬ ಲೆಕ್ಕ ಅಲ್ಲಿ ಬದುಕಿನ ಮೊದಲ ಪಾಠ. ಪ್ರವಾಸಿಗರನ್ನು ಕರೆಯುವವರು ಆ ಪಾಠವನ್ನು ಬದಿಗಿಟ್ಟು ಹೊರಡುವಂತಿಲ್ಲ.

ಈಗ ಅಕ್ಕಿಗಿಂತ ಬಿಗಿಯಾದ ಲೆಕ್ಕ ನೀರಿನದು. ಲಕ್ಷದ್ವೀಪದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆ ಬೀಳುತ್ತದೆ ನಿಜ. ಆದರೆ ಹವಳದ ಮರಳು ಅದನ್ನು ಹಿಡಿದಿಡುವುದಿಲ್ಲ, ಬಿದ್ದ ನೀರು ನೇರ ಕೆಳಗೆ ಇಂಗುತ್ತದೆ. ಇಂಗಿದ ಸಿಹಿನೀರು, ಅಡಿಯಲ್ಲಿ ತುಂಬಿಕೊಂಡಿರುವ ಉಪ್ಪುನೀರಿಗಿಂತ ಹಗುರವಾದ್ದರಿಂದ, ಹಾಲಿನ ಮೇಲಿನ ಕೆನೆಯಂತೆ ತೆಳ್ಳಗೆ ತೇಲುತ್ತಿರುತ್ತದೆ. ದ್ವೀಪದ ಬಾವಿಗಳೆಲ್ಲ ಈ ತೆಳು ಪದರಕ್ಕೆ ತೋಡಿದವು. ಸಮುದ್ರದ ಉಬ್ಬರ ಇಳಿತದ ಜೊತೆಗೇ ಬಾವಿಯ ನೀರಿನ ಮಟ್ಟವೂ ಏರಿ ಇಳಿಯುತ್ತದೆ. ಬಿಂದಿಗೆಯಲ್ಲಿ ಸೇದಿದಷ್ಟು ದಿನ ಈ ಪದರ ಉಳಿದೀತು. ಪಂಪು ಹಚ್ಚಿ ಒಂದೇ ಕಡೆಯಿಂದ ಎಳೆದರೆ ಅಡಿಯ ಉಪ್ಪುನೀರು ಮೇಲೇರಿ ಬಾವಿ ಸವುಳಾಗುತ್ತದೆ. ಹಾಗೆ ಒಮ್ಮೆ ಉಪ್ಪಾದ ಬಾವಿ ತಿರುಗಿ ಸಿಹಿಯಾಗಲು ಮಳೆಗಾಲಗಳನ್ನೇ ಕಾಯಬೇಕು. ಈ ಕಷ್ಟಕ್ಕೆ ಪರಿಹಾರವೆಂದು 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿ ದ್ವೀಪದಲ್ಲಿ ಒಂದು ಘಟಕ ಕಟ್ಟಿತು. ಮೇಲಿನ ಬೆಚ್ಚಗಿನ ಸಮುದ್ರದ ನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ಆವಿಯಾಗಿಸಿ, ಮುನ್ನೂರು ಮೀಟರಿಗೂ ಹೆಚ್ಚು ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಜಾಣ ವ್ಯವಸ್ಥೆ ಅದು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೂ ಇಂಥ ಘಟಕ ಬಂತು. ಕವರತ್ತಿಯ ಘಟಕದ ಸಾಮರ್ಥ್ಯ ದಿನಕ್ಕೆ ಒಂದು ಲಕ್ಷ ಲೀಟರ್. ಕೇಳಲು ದೊಡ್ಡ ಮೊತ್ತ. ಆದರೆ 2011ರ ಎಣಿಕೆಯಲ್ಲೇ ಅಲ್ಲಿ 11,221 ಜನರಿದ್ದರು. ಹಂಚಿದರೆ ತಲೆಗೆ ಒಂಬತ್ತು ಲೀಟರೂ ಪೂರ್ತಿ ಬರುವುದಿಲ್ಲ. ಕುಡಿಯಲು, ಅಡುಗೆಗೆ ಅಷ್ಟೇ ಸಾಕು. ಉಳಿದದ್ದಕ್ಕೆಲ್ಲ ಆ ತೆಳು ಪದರವೇ ಗತಿ.

ಇನ್ನು ಈ ಲೆಕ್ಕದಲ್ಲಿ ಪ್ರವಾಸಿಯನ್ನು ಕೂರಿಸೋಣ. ಖಾಸಗಿ ಈಜುಕೊಳವಿರುವ ಒಂದು ವಿಲ್ಲಾ ಎಂದಿಟ್ಟುಕೊಳ್ಳಿ. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಒಂದು ಮೀಟರ್ ಆಳದ ಪುಟ್ಟ ಕೊಳ ತುಂಬಲು ಹನ್ನೆರಡು ಸಾವಿರ ಲೀಟರ್ ಬೇಕು. ಕವರತ್ತಿಯ ಅಳತೆಯಲ್ಲಿ ಅದು 1,300ಕ್ಕೂ ಹೆಚ್ಚು ಜನರ ಒಂದು ದಿನದ ಪಾಲು. ಕೊಳವಿಲ್ಲದ ಸಾಧಾರಣ ಕೋಣೆಯಲ್ಲೂ ಎರಡು ಹೊತ್ತು ಸ್ನಾನ, ಹಾಸಿಗೆ ಬಟ್ಟೆಯ ಒಗೆತ, ರಾತ್ರಿಯಿಡೀ ಹವಾನಿಯಂತ್ರಣ ಇದ್ದೇ ಇರುತ್ತದೆ. ಹೋದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಮುಖ್ಯ. ಶೌಚದ ಗುಂಡಿಯೂ ಕುಡಿಯುವ ಬಾವಿಯೂ ಒಂದೇ ಮರಳಿನಲ್ಲಿವೆ, ನಡುವೆ ತಡೆಯುವ ಜೇಡಿಮಣ್ಣಿನ ಪದರವಿಲ್ಲ. ವಿದ್ಯುತ್ತು ಹೆಚ್ಚಿನಂಶ ಹಡಗಿನಲ್ಲಿ ತಂದ ಡೀಸೆಲಿನಿಂದ. ತರಕಾರಿ, ಸಿಮೆಂಟು, ಬಾಟಲಿ ನೀರು ಎಲ್ಲ ಹೊರಗಿನಿಂದಲೇ ಬರಬೇಕು. ಬಂದ ಪ್ಲಾಸ್ಟಿಕ್ ಮರಳಿ ಹೋಗುವುದು ಅಪರೂಪ. ಈ ಹೊರೆಗಳ ಪಟ್ಟಿಯಲ್ಲಿ ಬಹುಪಾಲು ತಂಗುವುದಕ್ಕೆ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು. ಹಗಲು ಬಂದು ನೋಡಿ ಹೋಗುವವನು ಎರಡು ಲೋಟ ಎಳನೀರು ಕುಡಿದು, ಒಂದು ಊಟ ಉಂಡು ಹೊರಡುತ್ತಾನೆ. ಮಲಗುವವನಿಗೆ ಹಾಸಿಗೆ, ಹಾಸಿಗೆಗೆ ಕೋಣೆ, ಕೋಣೆಗೆ ನೀರು, ಆ ನೀರಿಗೆ ಡೀಸೆಲ್ ಬೇಕು. ಸಂಖ್ಯೆಯನ್ನಷ್ಟೇ ಎಣಿಸಿದರೆ ಮೂವತ್ತು ಜನರ ಗುಂಪು ದೊಡ್ಡದಾಗಿ ಕಂಡೀತು, ಇಬ್ಬರು ದಂಪತಿ ಸಣ್ಣದಾಗಿ ಕಂಡಾರು. ಬಾವಿಯ ಬಳಿ ನಿಂತು ಎಣಿಸಿದರೆ ಲೆಕ್ಕ ತಿರುವುಮುರುವಾಗುತ್ತದೆ.

ಲಕ್ಷದ್ವೀಪದ ಆಡಳಿತ ಈ ತಿಳಿವಳಿಕೆಯ ಮೇಲೆಯೇ ಒಂದು ದಾರಿ ಹಾಕಿಕೊಂಡಿತ್ತು. 1982ರಲ್ಲಿ ಹುಟ್ಟಿದ ಅಲ್ಲಿನ ಪ್ರಕೃತಿ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್', 'ಸಮುದ್ರಂ' ಎಂಬ ಹೆಸರಿನಲ್ಲಿ ಐದು ದಿನಗಳ ಗುಂಪು ಪ್ರವಾಸವನ್ನು ರೂಪಿಸಿತು. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗು ಹೊರಡುತ್ತದೆ. ರಾತ್ರಿ ಪಯಣ, ಹಗಲು ದ್ವೀಪ. ಕವರತ್ತಿ, ಕಲ್ಪೇನಿ, ಮಿನಿಕಾಯ್ ಹೀಗೆ ದಿನಕ್ಕೊಂದು. ಏಳುನೂರು ಪ್ರಯಾಣಿಕರ ಆ ಹಡಗಿನಲ್ಲಿ ಪ್ರವಾಸಿಗರಿಗೆ ಮೀಸಲಾದದ್ದು ನೂರೈವತ್ತು ಜಾಗ. ಹಡಗು ಸಾಮಾನ್ಯವಾಗಿ ದಡಕ್ಕೆ ಬರುವುದಿಲ್ಲ, ಹವಳದ ದಿಬ್ಬದ ಹೊರಗೆ ಆಳದ ನೀರಿನಲ್ಲಿ ನಿಲ್ಲುತ್ತದೆ. ಹಡಗಿನ ಹೊಟ್ಟೆಯ ಬಳಿಯ ಬಾಗಿಲು ತೆರೆದು, ಪಕ್ಕಕ್ಕೆ ಬಂದ ದೋಣಿಗೆ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ಇಳಿಸುತ್ತಾರೆ. ಅಲೆ ದೋಣಿಯನ್ನು ಮೇಲೆತ್ತಿದ ಕ್ಷಣಕ್ಕೆ ಸರಿಯಾಗಿ ಎರಡೂ ತೋಳು ಹಿಡಿದು ಆಚೆ ದಾಟಿಸಬೇಕು, ಒಂದು ಗಳಿಗೆ ತಡವಾದರೆ ದೋಣಿ ನಾಲ್ಕಡಿ ಕೆಳಗಿರುತ್ತದೆ. ಅಜ್ಜಿ, ಮಗು, ಅಕ್ಕಿ ಮೂಟೆ, ಪ್ರವಾಸಿ ಎಲ್ಲರೂ ಇಳಿಯುವುದು ಹೀಗೆಯೇ. ದಿಬ್ಬದ ಕಿಂಡಿಯಲ್ಲಿ ನುಸುಳಿ ಒಳಗಿನ ಆಳವಿಲ್ಲದ ಲಗೂನಿಗೆ ಬಂದ ಮೇಲೆ ನೀರಿನ ಬಣ್ಣವೂ ತಿಳಿಯಾಗುತ್ತದೆ, ಕುಲುಕಾಟವೂ ನಿಲ್ಲುತ್ತದೆ. ಹಗಲಿಡೀ ಈಜು, ಗಾಜಿನ ತಳದ ದೋಣಿ, ಕಲ್ಪೇನಿಯ ಸುತ್ತಲಿನ ಕಿರುದ್ವೀಪಗಳು, ಮಿನಿಕಾಯ್‌ನ 1885ರ ದೀಪಸ್ತಂಭ, ಊರವರ ಅಡುಗೆ. ಸಂಜೆ ಮತ್ತೆ ಹಡಗು. ಮಲಗುವ ಹಾಸಿಗೆ, ಸ್ನಾನದ ನೀರು, ಶೌಚದ ಹೊಣೆ ಎಲ್ಲವೂ ಹಡಗಿನದು, ದ್ವೀಪದ ಬಾವಿಯದಲ್ಲ. ಹಡಗಿನ ಕೊಳಚೆ ಕಡಲಿಗೆ ಹೋಗುವುದಿಲ್ಲವೇ ಎಂದು ಕೇಳಬಹುದು. ಸಂಸ್ಕರಿಸದ ಕೊಳಚೆಯನ್ನು ದಡದಿಂದ ಹನ್ನೆರಡು ನಾಟಿಕಲ್ ಮೈಲಿಗಿಂತ ಹತ್ತಿರದಲ್ಲಿ ಬಿಡಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ಅದನ್ನು ಪಾಲಿಸುವಂತೆ ಒಂದು ಹಡಗಿನ ಮೇಲೆ ಕಣ್ಣಿಡುವುದು, ನೂರು ಕೋಣೆಗಳ ಗುಂಡಿಗಳ ಮೇಲೆ ಕಣ್ಣಿಡುವುದಕ್ಕಿಂತ ಸುಲಭ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ತೂಕವುಳ್ಳ ಆಕ್ಷೇಪ. ಥಾಯ್ಲೆಂಡಿನ ಫಿ ಫಿ ದ್ವೀಪಸಮೂಹದ ಮಾಯಾ ಕೊಲ್ಲಿಯನ್ನು ಕೆಡಿಸಿದ್ದು ಹಗಲು ಬಂದು ಹೋಗುವ ಗುಂಪುಗಳೇ ಅಲ್ಲವೇ? ಹೌದು. 2000ದಲ್ಲಿ ತೆರೆಕಂಡ 'ದಿ ಬೀಚ್' ಚಿತ್ರದ ನಂತರ ಆ ಪುಟ್ಟ ಕೊಲ್ಲಿ ಜಗತ್ಪ್ರಸಿದ್ಧವಾಯಿತು. ಒಂದು ಹಂತದಲ್ಲಿ ದಿನಕ್ಕೆ ಸುಮಾರು ಐದು ಸಾವಿರ ಜನ ವೇಗದ ದೋಣಿಗಳಲ್ಲಿ ಬಂದಿಳಿಯುತ್ತಿದ್ದರು, ಹವಳ ನಾಶವಾಯಿತು, 2018ರ ಜೂನಿನಲ್ಲಿ ಸರಕಾರ ಕೊಲ್ಲಿಯನ್ನೇ ಮುಚ್ಚಿತು. ಆದರೆ ಆ ಕಥೆಯ ಎರಡನೆಯ ಭಾಗವನ್ನೂ ಓದಬೇಕು. 2022ರ ಜನವರಿಯಲ್ಲಿ ಕೊಲ್ಲಿ ಮತ್ತೆ ತೆರೆದಾಗ ದೋಣಿಗಳಿಗೆ ಒಳಗೆ ಪ್ರವೇಶವಿರಲಿಲ್ಲ. ದ್ವೀಪದ ಹಿಂಬದಿಯ ತೇಲುಕಟ್ಟೆಯಲ್ಲಿ ಇಳಿದು ನಡೆದು ಬರಬೇಕು, ಒಂದು ಸರದಿಗೆ 375 ಜನಕ್ಕೆ ಮಾತ್ರ ಅವಕಾಶ ಎಂದು ಕಟ್ಟು ಮಾಡಲಾಯಿತು. ಕಾಣೆಯಾಗಿದ್ದ ಕಪ್ಪುರೆಕ್ಕೆಯ ಶಾರ್ಕ್‌ಗಳು ಮರಳಿದವು. ಅಂದರೆ ಕೊಲ್ಲಿಯನ್ನು ಕೊಂದದ್ದು ಅಂಕೆಯಿಲ್ಲದ ಸಂಖ್ಯೆ, ಎಲ್ಲೆಂದರಲ್ಲಿ ಬಿದ್ದ ಲಂಗರು. ಹಗಲು ಭೇಟಿಯ ತಪ್ಪನ್ನು ಕೆಲವೇ ವರ್ಷಗಳಲ್ಲಿ ತಿದ್ದಲು ಸಾಧ್ಯವಾಯಿತು, ಏಕೆಂದರೆ ಒಡೆಯಬೇಕಾದ ಕಟ್ಟಡಗಳಿರಲಿಲ್ಲ. ಫಿಲಿಪ್ಪೀನ್ಸಿನ ಬೊರಾಕಾಯ್ ಇದಕ್ಕೆ ವಿರುದ್ಧದ ಉದಾಹರಣೆ. ಸುಮಾರು ಹತ್ತು ಚದರ ಕಿಲೋಮೀಟರಿನ ಆ ದ್ವೀಪದಲ್ಲಿ ಜನ ತಂಗುತ್ತಿದ್ದರು. ಹೋಟೆಲುಗಳ ಕೊಳಚೆ ಸಮುದ್ರ ಸೇರಿ, 2018ರ ಏಪ್ರಿಲಿನಿಂದ ಆರು ತಿಂಗಳು ಇಡೀ ದ್ವೀಪಕ್ಕೆ ಬೀಗ ಬಿತ್ತು. ತೆರೆಯುವಾಗ ಒಮ್ಮೆಗೆ 19,215 ಪ್ರವಾಸಿಗರು ಎಂಬ ಮಿತಿ ಹಾಕಿದರು. ಮಿತಿ ಬಂದದ್ದು ಕಟ್ಟಿದ ಮೇಲೆ. ಕಟ್ಟಿದ್ದನ್ನು ಕೆಡವುವುದು, ಚರಂಡಿಯನ್ನು ಹೊಸದಾಗಿ ಹಾಕುವುದು, ಕೆಲಸ ಕಳೆದುಕೊಂಡವರನ್ನು ಸಂತೈಸುವುದು ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬಿತ್ತು. ಲಕ್ಷದ್ವೀಪದಲ್ಲಿ ಕಟ್ಟುವ ಮುನ್ನ ಮಿತಿ ಹಾಕುವ ಅವಕಾಶ ಇನ್ನೂ ಇದೆ.

ಮಾಲ್ದೀವ್ಸ್ ಹೇಗೆ ಬದುಕಿತು ಎಂಬುದು ಎರಡನೆಯ ಪ್ರಶ್ನೆ. 1972ರಲ್ಲಿ ಅಲ್ಲಿ ಮೊದಲ ರೆಸಾರ್ಟ್ ತೆರೆಯಿತು, 2024ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಸುಮಾರು ಐದು ಲಕ್ಷ ಜನರ ದೇಶ ಅದರಿಂದ ಶಾಲೆ, ಆಸ್ಪತ್ರೆ, ವಿಮಾನ ನಿಲ್ದಾಣ ಕಟ್ಟಿಕೊಂಡಿತು. ಈ ಸಾಧನೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅವರಲ್ಲಿರುವುದು ಹತ್ತಿರ ಹತ್ತಿರ ಸಾವಿರದ ಇನ್ನೂರು ದ್ವೀಪಗಳು, ಜನವಸತಿ ಇರುವುದು ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ. ಖಾಲಿ ದ್ವೀಪವೊಂದನ್ನು ಇಡಿಯಾಗಿ ಒಂದು ರೆಸಾರ್ಟಿಗೆ ಬಿಟ್ಟುಕೊಡುವ ಅನುಕೂಲ ಅವರಿಗಿತ್ತು. ನಮ್ಮ ಮೂವತ್ತಾರರ ಪಟ್ಟಿಯಲ್ಲಿ ಖಾಲಿ ಇರುವವು ಬಹುಮಟ್ಟಿಗೆ ಮರಳ ತುಣುಕುಗಳು. ಬಂಗಾರಂ ದ್ವೀಪದ ಬಳಿಯ ಪರಾಲಿ ದ್ವೀಪಗಳಲ್ಲಿ ಒಂದು ಸವೆದು ಕಡಲಲ್ಲಿ ಮುಳುಗಿಹೋಗಿದೆ. ಅಲ್ಲದೆ ಮಾಲ್ದೀವ್ಸಿನ ಯಶಸ್ಸಿಗೂ ಬೆಲೆಯಿದೆ. 2014ರ ಡಿಸೆಂಬರಿನಲ್ಲಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ತಗುಲಿದಾಗ ರಾಜಧಾನಿಯ ನಲ್ಲಿಗಳೆಲ್ಲ ಒಣಗಿದವು. ಭಾರತ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಕಳಿಸಬೇಕಾಯಿತು. ಕಸಕ್ಕೆಂದೇ ತಿಲಫುಶಿ ಎಂಬ ದ್ವೀಪವೊಂದು ಮೀಸಲಾಯಿತು. ಇಡೀ ಬದುಕು ಒಂದು ಯಂತ್ರದ ಮೇಲೆ, ಒಂದು ಉದ್ಯಮದ ಮೇಲೆ ನಿಂತಾಗ ಇಂಥ ದಿನಗಳಿಗೆ ಸಿದ್ಧವಾಗಿರಬೇಕು. ದೇಶವೊಂದು ತನಗಾಗಿ ಆ ಪಣ ಒಡ್ಡಿಕೊಳ್ಳಬಹುದು. ಮುಖ್ಯಭೂಮಿಯ ನಾವು ದ್ವೀಪದವರ ಪರವಾಗಿ ಅದನ್ನು ಒಡ್ಡುವುದು ನ್ಯಾಯವಲ್ಲ.

ಮೂರನೆಯ ಆಕ್ಷೇಪ ದ್ವೀಪದವರದೇ ಇರಬಹುದು: ಹಡಗಿನಲ್ಲೇ ಉಂಡು ಮಲಗುವ ಪ್ರವಾಸಿಯಿಂದ ನಮಗೇನು ಸಿಗುತ್ತದೆ? ಇದರಲ್ಲಿ ಸತ್ಯವಿದೆ. ಹಾಸಿಗೆಯ ಬಾಡಿಗೆ ಹಡಗಿಗೆ ಹೋದರೆ ಊರಿಗೆ ಉಳಿಯುವುದು ಒಂದು ಊಟ, ದೋಣಿಯ ಬಾಡಿಗೆ, ಮಾರ್ಗದರ್ಶಿಯ ಸಂಬಳ. ಇದಕ್ಕೆ ಉತ್ತರವೆಂದರೆ ಹಗಲಿನ ಆ ಖರ್ಚು ಊರವರ ಕೈಯಲ್ಲೇ ಉಳಿಯುವಂತೆ ನೋಡಿಕೊಳ್ಳುವುದು, ಪ್ರತಿ ಪ್ರವಾಸಿಯಿಂದ ನೇರ ದ್ವೀಪದ ನೀರು ಮತ್ತು ಕಸದ ಕೆಲಸಕ್ಕೆ ಒಂದು ಶುಲ್ಕ ಹಿಡಿಯುವುದು, ಬಾವಿ ಒಪ್ಪುವಷ್ಟು ಕೆಲವೇ ಮನೆವಾಸಗಳನ್ನು ಊರ ಕುಟುಂಬಗಳಿಗೆ ಮೀಸಲಿಡುವುದು. ಹೊರಗಿನ ಬಂಡವಾಳದ ಹೋಟೆಲಿನಲ್ಲಿ ದ್ವೀಪದ ಹುಡುಗನಿಗೆ ಸಿಗುವುದೂ ಹೆಚ್ಚಾಗಿ ಒಂದು ಸಂಬಳವೇ. ಇರುವ ದುಡಿಮೆಗೆ ಧಕ್ಕೆ ಬರಬಾರದೆಂಬುದನ್ನೂ ನೆನಪಿಡಬೇಕು. ಮಿನಿಕಾಯ್‌ನ ಟ್ಯೂನಾ ಬೇಟೆಯನ್ನೇ ನೋಡಿ. ಲಗೂನಿನೊಳಗೆ ಸಣ್ಣ ಮೀನುಗಳನ್ನು ಜೀವಂತ ಹಿಡಿದು ದೋಣಿಯ ತೊಟ್ಟಿಯಲ್ಲಿ ತುಂಬಿಕೊಂಡು ಹೊರಗಡಲಿಗೆ ಹೋಗುತ್ತಾರೆ. ಟ್ಯೂನಾ ಹಿಂಡು ಕಂಡಲ್ಲಿ ಆ ಮೀನುಗಳನ್ನು ಎರಚುತ್ತಾರೆ. ಹಿಂಡು ಮುಗಿಬಿದ್ದಾಗ ಸಾಲಾಗಿ ನಿಂತವರು ಗಳುವಿನ ತುದಿಯ ಮುಳ್ಳಿಲ್ಲದ ಕೊಕ್ಕೆಯಿಂದ ಒಂದೊಂದೇ ಮೀನನ್ನು ದೋಣಿಗೆ ಎಸೆಯುತ್ತಾರೆ. ಬಲೆಯಿಲ್ಲ, ವ್ಯರ್ಥವಾಗಿ ಸಾಯುವ ಬೇರೆ ಜೀವಿಗಳಿಲ್ಲ. ಆದರೆ ಇದೆಲ್ಲ ನಡೆಯುವುದು ಲಗೂನಿನಲ್ಲಿ ಆ ಸಣ್ಣ ಮೀನು ಇದ್ದರೆ ಮಾತ್ರ. ಮಿನಿಕಾಯ್, ಕದ್ಮತ್, ಸುಹೇಲಿಗಳಲ್ಲಿ ಲಗೂನಿನ ನೀರಿನ ಮೇಲೆ ಕಂಬ ನೆಟ್ಟು ವಿಲ್ಲಾ ಕಟ್ಟುವ ಯೋಜನೆಗೆ ವಿಜ್ಞಾನಿಗಳು ತಕರಾರು ತೆಗೆದದ್ದರ ಹಿಂದೆ ಈ ಆತಂಕವೂ ಇದೆ. ಹಡಗಿನ ವಿಷಯದಲ್ಲೂ ದ್ವೀಪದವರಿಗೆ ಒಂದು ಭರವಸೆ ಬೇಕು. ಅದೇ ಹಡಗು ಅವರ ಬಸ್ಸು, ಅವರ ಆಂಬುಲೆನ್ಸ್. ಆಸ್ಪತ್ರೆಗೋ ಪರೀಕ್ಷೆಗೋ ಹೊರಟವರ ಜಾಗ ಪ್ರವಾಸಿಗೆ ಹೋಗಬಾರದು. ಆ ಖಾತರಿ ಕೊಡಲಾಗದ ವರ್ಷ ಪ್ರವಾಸದ ಟಿಕೆಟ್ಟು ಕಡಿಮೆಯಾಗಲಿ.

ಹವಳ ಸಾಯುತ್ತಿರುವುದು ಭೂಮಿಯ ತಾಪದಿಂದ, ಅದಕ್ಕೆ ಪಾಪದ ಪ್ರವಾಸಿಯನ್ನು ಏಕೆ ಹಿಡಿಯುತ್ತೀರಿ ಎಂದು ಕೇಳುವವರೂ ಇದ್ದಾರೆ. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳುಚಿಕೊಂಡಿತು. ಮೈಸೂರು ಮೂಲದ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ಮುಳುಗಿ ನೋಡಿ ದಾಖಲಿಸಿದಂತೆ ಜೀವಂತ ಹವಳದ ಹೊದಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಇದಕ್ಕೆ ಪ್ರವಾಸಿ ಮೂಲ ಕಾರಣನಲ್ಲ, ಒಪ್ಪೋಣ. ಆದರೆ ದುರ್ಬಲವಾದದ್ದು ಎರಡನೆಯ ಪೆಟ್ಟನ್ನು ತಾಳುವುದಿಲ್ಲ. ದಿಬ್ಬ ಚೇತರಿಸಿಕೊಳ್ಳಲು ತಿಳಿನೀರು ಬೇಕು, ಕೊಳಚೆ ಮತ್ತು ಕಟ್ಟಡದ ಹೂಳು ಸೇರಿದರೆ ಪಾಚಿ ಗೆಲ್ಲುತ್ತದೆ. ಅಲೆಯನ್ನು ತಡೆಯುವ ಗೋಡೆಯೂ, ದ್ವೀಪಕ್ಕೆ ಮರಳು ಒದಗಿಸುವ ಗಣಿಯೂ ಅದೇ ದಿಬ್ಬ. ಕಡಲಿನ ತಾಪವನ್ನು ಕವರತ್ತಿಯಲ್ಲಿ ಕೂತು ಇಳಿಸಲಾಗದು. ಎಷ್ಟು ಕೋಣೆ ಕಟ್ಟಬೇಕೆಂಬುದನ್ನು ನಿರ್ಧರಿಸಬಹುದು. ಕೈಯಲ್ಲಿರುವ ಹತೋಟಿಯನ್ನು ಬಿಟ್ಟುಕೊಡಲು ಕೈಮೀರಿದ್ದು ನೆಪವಾಗಬಾರದು.

ಕೊನೆಯದಾಗಿ ದ್ವೀಪಕ್ಕೆ ಹೋಗಲು ಬೇಕಾದ ಪರವಾನಗಿಯ ಮಾತು. ನಮ್ಮದೇ ದೇಶದೊಳಗೆ ಹೋಗಲು ಅನುಮತಿ ಏಕೆ ಎಂದು ಹಲವರು ಸಿಡುಕುತ್ತಾರೆ. ಪ್ರವೇಶ ಮತ್ತು ವಾಸದ ಮೇಲಿನ ಈ ನಿರ್ಬಂಧ 1967ರಿಂದ ಇದೆ. ದ್ವೀಪವಾಸಿಗಳಲ್ಲಿ ನೂರಕ್ಕೆ ಸುಮಾರು 95 ಮಂದಿ ಪರಿಶಿಷ್ಟ ಪಂಗಡದವರು. ಅವರ ಅಂಗೈಯಗಲದ ನೆಲ ಅವರದಾಗಿಯೇ ಉಳಿಯಲಿ ಎಂಬುದು ಅದರ ಉದ್ದೇಶ. ಅಗತ್ತಿಯ ಕಡಲ ದಂಡೆಯ ಒಂದು ರೆಸಾರ್ಟಿನ ವ್ಯಾಜ್ಯ 2012ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ನ್ಯಾಯಾಲಯ ಆ ಒಂದು ಪ್ರಕರಣಕ್ಕೆ ನಿಲ್ಲದೆ ದ್ವೀಪಗಳ ಯೋಜನೆಯನ್ನೇ ಪರಿಶೀಲಿಸಲು ಪರಿಣತರ ಸಮಿತಿ ನೇಮಿಸಿತು. ಅದರ ಅಧ್ಯಕ್ಷತೆ ವಹಿಸಿದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್. ಪ್ರತಿ ದ್ವೀಪಕ್ಕೂ ಅದರದೇ ಶಕ್ತಿಗೆ ತಕ್ಕ ಯೋಜನೆ ಬೇಕೆಂಬುದು ಆ ಕೆಲಸದ ತಿರುಳು. ಪರವಾನಗಿಯನ್ನು ಈ ಬೆಳಕಿನಲ್ಲಿ ನೋಡಿದರೆ ಅದು ಅವಮಾನವಾಗಿ ಕಾಣುವುದಿಲ್ಲ, ಎಣಿಕೆಯ ಸಾಧನವಾಗಿ ಕಾಣುತ್ತದೆ. ಬರುವವರು ಎಷ್ಟು ಎಂದು ಮೊದಲೇ ತಿಳಿಯುವುದು ಹೀಗೆ ಮಾತ್ರ.

2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ವೇಗದ ಹಡಗೊಂದು ಪ್ರಯಾಣಿಕರೊಡನೆ ಮಂಗಳೂರಿಗೆ ಬಂದಾಗ ಕರಾವಳಿಯಲ್ಲಿ ಹಳೆಯ ನಂಟು ಮತ್ತೆ ಚಿಗುರುವ ಆಸೆ ಹುಟ್ಟಿತು. ಆ ದಾರಿ ಖಾಯಂ ಆದರೆ ಕನ್ನಡದ ಗುಂಪುಗಳಿಗೆ ದ್ವೀಪ ಇನ್ನೂ ಹತ್ತಿರವಾಗುತ್ತದೆ, ಆಗ ಈ ಲೆಕ್ಕ ನಮ್ಮದೂ ಆಗುತ್ತದೆ. ಪ್ರವಾಸ ಏರ್ಪಡಿಸುವವರು ದರಪಟ್ಟಿ ನೋಡುವ ಮುನ್ನ ಮೂರು ಪ್ರಶ್ನೆ ಕೇಳಲಿ: ನಾವು ಮಲಗುವುದು ಎಲ್ಲಿ, ಬಳಸುವ ನೀರು ಯಾರ ಪಾಲಿನದು, ಒಯ್ದ ಪ್ಲಾಸ್ಟಿಕ್ ಯಾರ ಜೊತೆ ಮರಳುತ್ತದೆ? ಗುಂಪಿಗೆ ಒಂದು ಅನುಕೂಲವಿದೆ. ಒಬ್ಬೊಬ್ಬರಾಗಿ ಹೋದವರಿಗೆ ನಿಯಮ ಹೇಳುವುದು ಕಷ್ಟ, ಗುಂಪಿಗೆ ಒಮ್ಮೆ ಹೇಳಿದರೆ ಸಾಕು, ಒಬ್ಬ ಮುಖಂಡನನ್ನು ಹೊಣೆ ಮಾಡಬಹುದು, ಕಸವನ್ನು ಒಂದೇ ಚೀಲದಲ್ಲಿ ಹಿಂದೆ ತರಬಹುದು. ಈ ವರ್ಷದ ಜಾಗ ತುಂಬಿದೆ, ಮುಂದಿನ ವರ್ಷ ಬನ್ನಿ ಎಂಬ ಉತ್ತರ ಬಂದರೆ ಅದನ್ನು ಆಡಳಿತದ ಸೋಲೆಂದು ದೂರುವ ಬದಲು, ಅಲ್ಲಿ ಯಾರೋ ಸರಿಯಾಗಿ ಎಣಿಸುತ್ತಿದ್ದಾರೆ ಎಂದು ತಿಳಿಯೋಣ. ಹಾಗೆ ಎಣಿಸಿ ಕರೆದ ಗುಂಪು ಮುಂದಿನ ಮೂವತ್ತು ವರ್ಷವೂ ಅಲ್ಲಿಗೆ ಹೋಗಬಲ್ಲದು.